ಕೆರೆಯ ದಂಡೆಯ ಅತಿಥಿಗೃಹ

ಕೆರೆ ಕಟ್ಟಿಸುವುದನ್ನೂ ಛತ್ರ ಇಡಿಸುವುದನ್ನೂ ನಮ್ಮ ಹಿರಿಯರು ಸಮಾನ ಪುಣ್ಯವೆಂದು ಎಣಿಸಿದ್ದರು. ಈಗ ಜಲಾಶಯಗಳ ತೀರದಲ್ಲಿ ಅಭ್ಯಂಗ, ಆಯುರ್ವೇದೋಪಚಾರಗಳನ್ನು ಒದಗಿಸುವ ಹೋಟೆಲುಗಳು ಏಳುತ್ತಿವೆ. ಇವು ನೀರಿನ ಋಣವನ್ನು ತೀರಿಸುವ ಬಗೆ ಯಾವುದು?

ಕಬಿನಿ ಜಲಾಶಯದ ತೀರದ ಕಾರಾಪುರದಲ್ಲಿ ಒಂದು ನಿದರ್ಶನವುಂಟು. 1980ರಲ್ಲಿ ಸ್ಥಾಪಿತವಾದ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಮೈಸೂರು ಅರಸರ ಬೇಟೆಯ ಬಂಗಲೆಯನ್ನೇ ವಸತಿಗೃಹವಾಗಿಸಿತು. ಹಿಂದೆ ಮೃಗವನ್ನು ಕೊಲ್ಲಲು ಬರುತ್ತಿದ್ದ ಎಡೆಗೆ ಈಗ ಜನರು ಅದನ್ನು ನೋಡಲು ಬರುತ್ತಾರೆ. ಕಾಡು ಉಳಿದರೆ ಮಾತ್ರ ಅಲ್ಲಿ ಆದಾಯ.

ಕುಣಿಗಲಿನ ದೊಡ್ಡಕೆರೆ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ತುಮಕೂರಿನ ಅಮಾನಿಕೆರೆಗಳಿಗೂ ಇದೇ ನ್ಯಾಯ. ಸ್ನಾನದ ಎಣ್ಣೆ, ಸಾಬೂನು, ಕೊಳಚೆಗಳು ಕೆರೆಗೆ ಬಿದ್ದರೆ ಅಂತರಗಂಗೆ ಹಬ್ಬಿ, ಮೀನು ಸತ್ತು, ನೆರೆಯ ಬಾವಿಗಳೂ ಕೆಡುವುವು. ಆದುದರಿಂದ ದಂಡೆಯಲ್ಲಿ ಹೋಟೆಲು ಕಟ್ಟುವವರು ಬಚ್ಚಲ ನೀರನ್ನು ಗುಂಡಿಯಲ್ಲಿ ತಿಳಿಗೊಳಿಸಿ, ಜಲ್ಲಿ, ಮರಳು, ಜೊಂಡುಗಳಲ್ಲಿ ಸೋಸಿ, ತೋಟಕ್ಕೆ ಉಣಿಸಬೇಕು; ಮಾಳಿಗೆಯ ಮಳೆನೀರನ್ನು ಹಿಡಿದಿಡಬೇಕು; ರಾಗಿ, ತರಕಾರಿಗಳನ್ನು ನೆರೆಯ ರೈತರಿಂದಲೇ ಕೊಂಡು, ಅವರ ಮಕ್ಕಳಿಗೆ ಉದ್ಯೋಗವನ್ನೀಯಬೇಕು.

ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹ: ಅಂತಹ ಮನೆಗಳಲ್ಲಿ ತಂಗಲು ಹೋದಾಗ ಬಾಡಿಗೆಯೊಡನೆ, “ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?” ಎಂಬುದನ್ನೂ ವಿಚಾರಿಸಿರಿ. ಅತಿಥಿಯು ಕೇಳದಿದ್ದರೆ ಆತಿಥೇಯನು ತಾನಾಗಿ ಹೇಳಲಾರನು.