ಕಸುಬು ಗೊತ್ತಿದೆ, ಬೆಲೆ ಕಟ್ಟೋದನ್ನು ಯಾರು ಕಲಿಸ್ತಾರೆ?

‘ಡಿಗ್ರಿಯಿಂದ ಏನೂ ಆಗಲ್ಲ, ಕೌಶಲ ಕಲಿಯಿರಿ.’ ಮಂತ್ರಿಗಳಿಂದ ಹಿಡಿದು ಯೂಟ್ಯೂಬ್ ಗುರುಗಳವರೆಗೆ ಎಲ್ಲರೂ ಯುವಜನರಿಗೆ ಹೇಳೋ ಮಾತಿದು. ನಿಪ್ಪಾಣಿ ತಾಲ್ಲೂಕಿನ ಬೋರಗಾಂವದ ಕಡೆಯಿಂದ ನೋಡಿದರೆ ಇದು ಅರ್ಧ ಸತ್ಯ. ಇತ್ತ ನಿಪ್ಪಾಣಿಯ ತಂಬಾಕು, ಬೀಡಿ. ಅತ್ತ ಗಡಿಯಾಚೆ ಇಚಲಕರಂಜಿಯ ವಿದ್ಯುತ್ ಮಗ್ಗ. ನಿಪ್ಪಾಣಿಯಿಂದ ಅಥಣಿವರೆಗೆ ಚಪ್ಪಲಿ. ಇಲ್ಲಿ ಕೌಶಲಕ್ಕೆ ಬರ ಇಲ್ಲ, ಬರ ಇರೋದು ಅದಕ್ಕೆ ಸಿಗೋ ದುಡ್ಡಿಗೆ.

ಚಪ್ಪಲಿಯನ್ನೇ ತಗೊಳ್ಳಿ. ಕೊಲ್ಹಾಪುರಿ ಅನ್ನೋ ಹೆಸರಿದ್ದರೂ 2019ರಲ್ಲಿ ಸಿಕ್ಕ ಜಿಐ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಇವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಇಂಥದ್ದೇ ಚಪ್ಪಲಿಯನ್ನು ಮಿಲಾನ್‌ನ ಫ್ಯಾಷನ್ ಶೋನಲ್ಲಿ ಪ್ರದರ್ಶಿಸಿತು, ಮೂಲದ ಹೆಸರೇ ಹೇಳದೆ. ಗದ್ದಲ ಎದ್ದ ಮೇಲೆ ಭಾರತದ ಪ್ರೇರಣೆಯನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಂ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. 2,000 ಜೋಡಿ, ಒಂದರ ಬೆಲೆ ಸುಮಾರು 800 ಯೂರೋ. ಅಂದ್ರೆ 80 ಸಾವಿರ ರೂಪಾಯಿಗೂ ಮೇಲೆ.

ತೊಗಲು ಹದ ಮಾಡೋದು, ಅಟ್ಟೆ ಕತ್ತರಿಸೋದು, ಹೊಲಿಯೋದು ತಲೆಮಾರುಗಳಿಂದ ಬಂದ ಜ್ಞಾನ. ಅದು ಮೊದಲೂ ಇತ್ತು. ಬೆಲೆಯನ್ನು ಬದಲಿಸಿದ್ದು ಬ್ರ್ಯಾಂಡ್, ವಿನ್ಯಾಸ, ಮಾರುಕಟ್ಟೆ. ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ವಸ್ತು ಹೇಗೆ ತಯಾರಾಗುತ್ತೆ ಅಂತ ಕಲಿಸ್ತಾರೆ, ಅದರ ಬೆಲೆ ಯಾರು ನಿರ್ಧರಿಸ್ತಾರೆ ಅಂತ ಅಲ್ಲ. ಎರಡನೆಯದು ಬಿಕಾಂ, ಬಿಬಿಎ ಪಠ್ಯದಲ್ಲಿದೆ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ಜೋಡಿ 500 ರೂಪಾಯಿಗೆ ಹೋಯ್ತು, ತೊಗಲು, ದಾರಕ್ಕೆ 300 ಖರ್ಚಾಯ್ತು ಅಂದುಕೊಳ್ಳಿ. ಮನೆಯವರು 200 ಲಾಭ ಅಂತಾರೆ. ಆದರೆ ಗಂಡ ಅಟ್ಟೆ ಕೊಯ್ದ, ಹೆಂಡತಿ ಹೆಣಿಗೆ ಹಾಕಿದಳು, ಇಬ್ಬರಿಗೂ ಒಂದು ದಿನ ಹಿಡಿಯಿತು. ತಲೆಗೆ ಬಿದ್ದದ್ದು ನೂರು ರೂಪಾಯಿ ಕೂಲಿ, ಲಾಭ ಸೊನ್ನೆ. ಕಾಸ್ಟಿಂಗ್ ಅಂದ್ರೆ ಇಷ್ಟೇ: ಮನೆಯವರ, ಅದರಲ್ಲೂ ಹೆಂಗಸರ, ದುಡಿಮೆಗೂ ಬೆಲೆ ಹಿಡಿಯೋದು.

ಇದರಲ್ಲಿ ಜಾತಿಯೂ ಇದೆ. ಈ ಕಸುಬು ಇವತ್ತಿಗೂ ಬಹುಪಾಲು ದಲಿತ ಕುಟುಂಬಗಳದ್ದು. ಆ ಮನೆಯ ಹುಡುಗಿ ಬಿಬಿಎ ಓದಿ ಬ್ಯಾಂಕ್ ಕೆಲಸದ ಕನಸು ಕಂಡರೆ ಅದು ಕಸುಬಿನ ಮೇಲಿನ ತಾತ್ಸಾರ ಅಲ್ಲ, ಜಾತಿ ಅಂಟಿಸಿದ ಹಣೆಪಟ್ಟಿಯಿಂದ ಬಿಡಿಸಿಕೊಳ್ಳುವ ದಾರಿ. ಲಕ್ಷಗಟ್ಟಲೆ ಕಟ್ಟಿ ಸ್ವಂತ ಮಕ್ಕಳನ್ನು ಎಂಬಿಎ ಓದಿಸುವವರು ಅವಳಿಗೆ ‘ಕೈಕೆಲಸ ಕಲಿ’ ಅನ್ನೋ ಮುಂಚೆ ಯೋಚಿಸಬೇಕು.

ಸರ್ಕಾರಗಳೂ ಈ ಎರಡನ್ನು ಬೇರೆ ಬೇರೆಯಾಗೇ ನೋಡುತ್ತವೆ. ರಾಜ್ಯದ ಯುವನಿಧಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತೆ, ಗರಿಷ್ಠ ಎರಡು ವರ್ಷ. ಕೇಂದ್ರದ ಪಿಎಂ ವಿಶ್ವಕರ್ಮ ಚಮ್ಮಾರರು ಸೇರಿ 18 ಕಸುಬಿನವರಿಗೆ ದಿನಕ್ಕೆ 500 ರೂಪಾಯಿ ಭತ್ಯೆಯ ತರಬೇತಿ ಕೊಡುತ್ತೆ, ಮೂಲ ತರಬೇತಿ ಒಂದು ವಾರದೊಳಗೆ ಮುಗಿಯುತ್ತೆ. ಓದಿದವಳನ್ನೂ ದುಡಿಯೋ ಅವ್ವನನ್ನೂ ಒಂದೇ ಮೇಜಿಗೆ ಕೂರಿಸೋ ಯೋಜನೆ ಎರಡರಲ್ಲೂ ಇಲ್ಲ.

ಕೂರಿಸೋಕೆ ಸಾಧ್ಯ ಅನ್ನೋದಕ್ಕೆ ಅಥಣಿಯೇ ಸಾಕ್ಷಿ. 1990ರ ದಶಕದ ಕೊನೆಯಲ್ಲಿ ಅಲ್ಲಿ ಶುರುವಾದ ಪ್ರಯತ್ನದಿಂದ ‘ಟೋಹೋಲ್ಡ್’ ಬೆಳೆಯಿತು. ಮಹಿಳಾ ಸ್ವಸಹಾಯ ಗುಂಪುಗಳು ವಿನ್ಯಾಸ, ಗುಣಮಟ್ಟ, ವ್ಯವಹಾರ ಕಲಿತು ತಮ್ಮದೇ ಬ್ರ್ಯಾಂಡ್‌ನಲ್ಲಿ ವಿದೇಶಕ್ಕೂ ಚಪ್ಪಲಿ ಕಳಿಸಿದವು.

ಹಾಗಾಗಿ ಬೇಡಿಕೆ ಎರಡು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವಾಣಿಜ್ಯ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಈ ಚಪ್ಪಲಿ ಮನೆಗಳಲ್ಲಿ ನಡೆಯಲಿ, ಭತ್ಯೆ ಸಹಿತ, ಆ ಮನೆಗಳ ಮಕ್ಕಳಿಗೆ ಮೊದಲ ಆದ್ಯತೆಯೊಂದಿಗೆ. ಎರಡನೆಯದಾಗಿ, ಪ್ರಾಡಾದ ಪ್ರತಿ 800 ಯೂರೋದಲ್ಲಿ ಹೊಲಿದ ಕೈಗೆ ಎಷ್ಟು ಸೇರುತ್ತೆ ಅನ್ನೋದನ್ನು ಲಿಡ್ಕರ್ ಬಹಿರಂಗಪಡಿಸಲಿ. ‘ಕೌಶಲ ಕಲಿಯಿರಿ’ ಅಂತ ಭಾಷಣ ಮಾಡೋರಿಗೆ ಮುಂದಿನ ಸಲ ಈ ಲೆಕ್ಕ ಕೇಳಿ.