ಕರಟದ ಇದ್ದಿಲು ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ?

ಬಚ್ಚಲ ಒಲೆಗೆ ಕರಟ ಹಾಕಿ ನೀರು ಕಾಯಿಸುವ ಮನೆಗಳು ಇಂದಿಗೂ ಇವೆ. ಆ ಕರಟ ಪೂರ್ತಿ ಉರಿದರೆ ಉಳಿಯುವುದು ಹಿಡಿ ಬೂದಿ. ಗಾಳಿಯಾಡದಂತೆ ಮುಚ್ಚಿ ಸುಟ್ಟರೆ ಇದ್ದಿಲು. ಭತ್ತದ ಹೊಟ್ಟು, ಜೋಳದ ದಂಟು, ಕಡಲೆಕಾಯಿ ಸಿಪ್ಪೆಗಳನ್ನು ಹೀಗೆಯೇ 350ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಕಾಗಿಸಿದರೆ ಸಿಗುವುದೇ 'ಬಯೋಚಾರ್'. ಕಚ್ಚಾ ಮಾಲಿಗೆ ನಮ್ಮಲ್ಲಿ ಕೊರತೆಯಿಲ್ಲ. ಗಂಗಾವತಿ, ಸಿಂಧನೂರು ಕಡೆಯ ಗಿರಣಿಗಳಲ್ಲಿ 100 ಕಿಲೋ ಭತ್ತ ಅರೆದರೆ ಸುಮಾರು 20 ಕಿಲೋ ಹೊಟ್ಟೇ ಬರುತ್ತದೆ.

ಇದ್ದಿಲು ಕೊಳೆ ನೀರನ್ನು ಸೋಸುತ್ತದೆ ಎನ್ನುವುದಕ್ಕಿಂತ ಕಲ್ಮಶವನ್ನು ಮೈಗೆ ಅಂಟಿಸಿಕೊಳ್ಳುತ್ತದೆ ಎಂದರೆ ಸರಿ. ಅದರೊಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು. ಹಬೆಯಿಂದ ಹದಗೊಳಿಸಿದ ಒಂದೇ ಒಂದು ಗ್ರಾಂ ಕರಟದ ಇದ್ದಿಲಿನ ರಂಧ್ರಗಳ ಗೋಡೆಯನ್ನು ಬಿಡಿಸಿ ಹಾಸಿದರೆ 500 ಚದರ ಮೀಟರಿಗೂ ಹೆಚ್ಚಾದೀತು! ಹದಗೊಳಿಸದ ಇದ್ದಿಲಿಗೆ ಅಷ್ಟು ಶಕ್ತಿಯಿಲ್ಲ. ಆದರೂ ಬಟ್ಟೆಯ ಕೆಲವು ಬಣ್ಣಗಳು, ಕೀಟನಾಶಕ, ಸೀಸ, ಕ್ಯಾಡ್ಮಿಯಂ ಇದಕ್ಕೆ ಚೆನ್ನಾಗಿಯೇ ಅಂಟುತ್ತವೆ. ಬಣ್ಣದ ಕಾರ್ಖಾನೆಯ ನೀರು ಕೆರೆ ಸೇರುವ ಮೊದಲು ಇಂಥ ಇದ್ದಿಲಿನ ತೊಟ್ಟಿ ಹಾಯ್ದು ಬಂದರೆ ಲಾಭವುಂಟು.

ಕರಟ ಸುಟ್ಟು ಮನೆಯಲ್ಲೇ ಕುಡಿಯುವ ನೀರಿಗೆ ಫಿಲ್ಟರ್ ಮಾಡಿಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಬಣ್ಣ, ವಾಸನೆ ಹೋದ ನೀರು ನೋಡಲು ಚೆನ್ನಾಗಿರುತ್ತದೆ, ಮೋಸವಿರುವುದೂ ಅಲ್ಲಿಯೇ. ಟೈಫಾಯಿಡ್, ಕಾಲರಾ ತರುವ ರೋಗಾಣುಗಳನ್ನು ಇದ್ದಿಲು ಕೊಲ್ಲುವುದಿಲ್ಲ. ಬಹಳ ದಿನ ಬದಲಿಸದ ಇದ್ದಿಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದೂ ಉಂಟು. ಇನ್ನು ಕೋಲಾರ, ಪಾವಗಡದಂತಹ ಕಡೆಯ ಅನೇಕ ಕೊಳವೆ ಬಾವಿಗಳಲ್ಲಿರುವ ಫ್ಲೋರೈಡನ್ನು ಹೊಟ್ಟಿನ, ಕರಟದ ಇದ್ದಿಲು ಹೆಚ್ಚುಕಡಿಮೆ ಹಾಗೆಯೇ ಬಿಟ್ಟುಬಿಡುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆಗೂ ಕೇಡು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಕೊಳವೆ ಬಾವಿಯ ನೀರು ಕುಡಿಯುವವರು ಒಮ್ಮೆ ಪರೀಕ್ಷೆ ಮಾಡಿಸಲೇಬೇಕು.

ಅಂಗಡಿಯಿಂದ ತಂದ ಫಿಲ್ಟರಿನಲ್ಲಿರುವ 'ಕಾರ್ಬನ್' ಕೂಡ ಬಹುಪಾಲು ಕರಟದ್ದೇ. ಅದರ ರಂಧ್ರಗಳು ತುಂಬಿದ ಮೇಲೆ ಕಲ್ಮಶ ನೇರವಾಗಿ ಲೋಟಕ್ಕೆ ಬರುತ್ತದೆ. ಆದ್ದರಿಂದ ಹೇಳಿದ ಅವಧಿಗೆ ತಪ್ಪದೆ ಬದಲಿಸಿ. ಕಾರ್ಖಾನೆಯ ನೀರು ಶುದ್ಧಿ ಮಾಡಿದ ಇದ್ದಿಲನ್ನಂತೂ ಯಾರಾದರೂ ಗೊಬ್ಬರವೆಂದು ಪುಕ್ಕಟೆ ಕೊಟ್ಟರೂ ಸೊಪ್ಪಿನ ಮಡಿಗೆ ಹಾಕಬೇಡಿ. ಅದು ಹಿಡಿದಿಟ್ಟ ಸೀಸ, ಕ್ಯಾಡ್ಮಿಯಂ ಎಲ್ಲವೂ ಅದರಲ್ಲೇ ಇರುತ್ತದೆ.