ನೇರಳೆ ಕುರ್ಚಿಯಲ್ಲಿ ಒಂದು ವರ್ಷ

ಅಂದು 2008ರ ಅಕ್ಟೋಬರ್ 28. ಅಮೆರಿಕದ ಕನೆಕ್ಟಿಕಟ್ ರಾಜ್ಯದ ವೆಸ್ಟ್‌ಪೋರ್ಟ್ ಎಂಬ ಊರಿನಲ್ಲಿ ನೀನಾ ಸಾಂಕೋವಿಚ್ ಎಂಬುವರಿಗೆ 46 ವರ್ಷ ತುಂಬಿದ ದಿನ. ಕಾನೂನು ಓದಿದ್ದ ಅವರು ನಾಲ್ವರು ಗಂಡುಮಕ್ಕಳ ತಾಯಿ. ಹುಟ್ಟುಹಬ್ಬದ ಆ ದಿನ ಮನೆಯ ಹಳೆಯ ನೇರಳೆ ಬಣ್ಣದ ಕುರ್ಚಿಯಲ್ಲಿ ಕುಳಿತು ಒಂದು ಕಾದಂಬರಿಯನ್ನು ಕೈಗೆತ್ತಿಕೊಂಡರು. ಮರುದಿನ ಇನ್ನೊಂದು ಪುಸ್ತಕ. ಅದರ ಮರುದಿನ ಮತ್ತೊಂದು. ಹೀಗೆ 365 ದಿನ, 365 ಪುಸ್ತಕ!

ದಾಖಲೆ ಮಾಡುವ ಹುಚ್ಚು ಅವರಿಗಿರಲಿಲ್ಲ. 46 ಎಂಬುದು ಅವರ ಪಾಲಿಗೆ ಬರೀ ಅಂಕಿಯೂ ಆಗಿರಲಿಲ್ಲ. ಮೂವರು ಅಕ್ಕತಂಗಿಯರಲ್ಲಿ ಹಿರಿಯಳಾದ ಆನ್ ಮೇರಿ 2005ರಲ್ಲಿ ಪಿತ್ತನಾಳದ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಆಕೆಯ ವಯಸ್ಸೂ 46. ಅಕ್ಕತಂಗಿಯರಿಬ್ಬರಿಗೂ ಪುಸ್ತಕವೆಂದರೆ ಪ್ರಾಣ. ಅಕ್ಕ ಹೋದ ಮೇಲೆ ಮೂರು ವರ್ಷ ನೀನಾ ಒಂದು ಕ್ಷಣವೂ ಬಿಡುವಿಲ್ಲದಂತೆ ಕೆಲಸ ಹಚ್ಚಿಕೊಂಡು ಓಡಾಡಿದರು. ಓಡಿದಷ್ಟೂ ದುಃಖ ಹಿಂದೆಯೇ ಬಂತು. ಅಕ್ಕ ಸತ್ತಳು, ತಾನು ಉಳಿದೆ, ಹಾಗಾದರೆ ಉಳಿದ ಬದುಕನ್ನು ಹೇಗೆ ಬದುಕಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ಅವರು ಓಟ ನಿಲ್ಲಿಸಿ ಕುರ್ಚಿಯಲ್ಲಿ ಕುಳಿತರು.

ಪಣಕ್ಕೂ ನಿಯಮಗಳುಂಟು

ತಮಗೆ ತಾವೇ ಕೆಲವು ನಿಯಮಗಳನ್ನೂ ಹಾಕಿಕೊಂಡರು. ಒಬ್ಬ ಲೇಖಕರ ಪುಸ್ತಕ ಒಂದೇ ಸಲ. ಹಿಂದೆ ಓದಿದ್ದನ್ನು ಮತ್ತೆ ಓದುವಂತಿಲ್ಲ. ಪುಸ್ತಕ ಒಂದು ಅಂಗುಲಕ್ಕಿಂತ ದಪ್ಪಗಿರಬಾರದು, ಅಂದರೆ ಸುಮಾರು 250ರಿಂದ 300 ಪುಟ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ನಿಯಮ: ಓದಿದ ಪ್ರತಿಯೊಂದು ಪುಸ್ತಕದ ಬಗ್ಗೆಯೂ ತನಗನಿಸಿದ್ದನ್ನು ಬರೆಯಲೇಬೇಕು.

ಮೊದಲ ದಿನ ಅವರು ಓದಿದ್ದು ಫ್ರಾನ್ಸಿನ ಮ್ಯೂರಿಯಲ್ ಬಾರ್ಬರಿಯ ‘ದಿ ಎಲಿಗೆನ್ಸ್ ಆಫ್ ದಿ ಹೆಜ್‌ಹಾಗ್’. ಪ್ಯಾರಿಸ್ಸಿನ ಸಿರಿವಂತರ ವಸತಿಗೃಹವೊಂದನ್ನು ಕಾಯುವ ಹೆಂಗಸು ತನ್ನ ಓದು, ವಿದ್ವತ್ತುಗಳನ್ನು ಯಾರಿಗೂ ತಿಳಿಯದಂತೆ ಬಚ್ಚಿಟ್ಟುಕೊಂಡು ಬದುಕುವ ಕಥೆ ಅದು. ಕಳೆದುಹೋದ ಚೆಲುವಿನ ಗಳಿಗೆಗಳು ಮರಳಿ ಬಾರದಿದ್ದರೂ ನೆನಪಿನಲ್ಲಿ ಅವು ಸಾಯುವುದಿಲ್ಲ ಎಂಬ ಸಮಾಧಾನ ನೀನಾಗೆ ಮೊದಲ ದಿನವೇ ದೊರೆಯಿತು. ಪರೀಕ್ಷೆಯಲ್ಲಿ ‘ಈ ಕಾದಂಬರಿಯ ಸಾರಾಂಶ ಬರೆಯಿರಿ’ ಎಂದು ಕೇಳಿದರೆ ಈ ಉತ್ತರಕ್ಕೆ ಪೂರ್ಣ ಅಂಕ ಸಿಗಲಾರದು. ಆದರೆ ಅಕ್ಕನನ್ನು ಕಳೆದುಕೊಂಡ ತಂಗಿಗೆ ಆ ಪುಸ್ತಕ ಕೊಟ್ಟದ್ದು ಇದನ್ನೇ.

ಅವರು ಓದಿದವುಗಳಲ್ಲಿ ಟಾಲ್‌ಸ್ಟಾಯ್‌ನ ‘ಖೋಟಾ ಕೂಪನ್’ ಕೂಡ ಒಂದು. ಶಾಲಾ ಹುಡುಗನೊಬ್ಬನಿಗೆ ಗೆಳೆಯನ ಸಾಲ ತೀರಿಸಬೇಕಾಗಿರುತ್ತದೆ. ಮುಂಗಡವಾಗಿ ಸ್ವಲ್ಪ ಹಣ ಕೊಡೆಂದರೆ ಅಪ್ಪ ಸಿಡುಕಿ ಬೈಯುತ್ತಾನೆ. ಹುಡುಗ ಎರಡೂವರೆ ರೂಬಲ್ಲಿನ ಕೂಪನ್ನಿನಲ್ಲಿ ಎರಡರ ಹಿಂದೆ ‘1’ ಸೇರಿಸಿ ಅದನ್ನು ಹನ್ನೆರಡೂವರೆ ಮಾಡಿಬಿಡುತ್ತಾನೆ. ಆ ಒಂದು ಅಂಕಿಯಿಂದ ಶುರುವಾದ ಕೇಡು ಕೈಯಿಂದ ಕೈಗೆ ದಾಟಿ ಕೊಲೆಗಳವರೆಗೂ ಹೋಗುತ್ತದೆ. ಅನಂತರ ಒಳ್ಳೆಯತನವೂ ಹಾಗೆಯೇ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಇದೇ ಕಥೆಯನ್ನು ಮಗ ಓದಿದರೆ ಒಂದು ಅರ್ಥ, ಅಪ್ಪ ಓದಿದರೆ ಇನ್ನೊಂದು ಅರ್ಥ! ನೀನಾ 2011ರಲ್ಲಿ ತಮ್ಮ ಈ ವರ್ಷದ ಅನುಭವವನ್ನು ಪುಸ್ತಕವಾಗಿ ಹೊರತಂದಾಗ ಅದಕ್ಕಿಟ್ಟ ಹೆಸರು ‘ಟಾಲ್‌ಸ್ಟಾಯ್ ಅಂಡ್ ದಿ ಪರ್ಪಲ್ ಚೇರ್’.

ಜಗತ್ತನ್ನೇ ಓದಿದವರು

ಇಂಥದೇ ಇನ್ನೊಂದು ಸಾಹಸ ಇಂಗ್ಲೆಂಡಿನ ಆನ್ ಮೋರ್ಗನ್ ಅವರದು. ತಮ್ಮ ಪುಸ್ತಕದ ಕಪಾಟಿನ ತುಂಬ ಬ್ರಿಟನ್ ಮತ್ತು ಅಮೆರಿಕದ ಲೇಖಕರೇ ಇದ್ದಾರೆಂಬುದು ಒಂದು ದಿನ ಅವರಿಗೆ ಹೊಳೆಯಿತು. 2012ರಲ್ಲಿ ಪ್ರತಿಯೊಂದು ದೇಶದಿಂದ ಒಂದೊಂದು ಪುಸ್ತಕ ಓದುವ ಪಣ ತೊಟ್ಟರು. 196 ದೇಶಗಳನ್ನು ವರ್ಷದೊಳಗೆ ಮುಗಿಸಲು ಒಂದು ಪುಸ್ತಕಕ್ಕೆ ಸಿಗುವುದು 1.87 ದಿನ ಮಾತ್ರ. ದಕ್ಷಿಣ ಸುಡಾನ್ ಆಗಷ್ಟೇ, 2011ರಲ್ಲಿ, ಸ್ವತಂತ್ರವಾಗಿತ್ತು. ಅಲ್ಲಿನ ಲೇಖಕಿಯೊಬ್ಬರು ಇವರಿಗಾಗಿಯೇ ಹೊಸದೊಂದು ಕಥೆ ಬರೆದುಕೊಟ್ಟರು. ಆಫ್ರಿಕದ ಪುಟ್ಟ ದ್ವೀಪರಾಷ್ಟ್ರ ಸಾವೊ ಟೋಮೆಯ ಪುಸ್ತಕ ಇಂಗ್ಲಿಷಿನಲ್ಲಿ ಇರಲೇ ಇಲ್ಲ. ಕೆಲವರು ಸ್ವಯಂಸೇವಕರು ಹಂಚಿಕೊಂಡು ಅನುವಾದಿಸಿದರು! ಭಾರತದ ಪರವಾಗಿ ಅವರು ಆರಿಸಿಕೊಂಡದ್ದು ಇಂಗ್ಲಿಷಿನಲ್ಲಿ ಬರೆದ ಕಾದಂಬರಿಯನ್ನಲ್ಲ, ಮಲಯಾಳದಿಂದ ಅನುವಾದಗೊಂಡ ಎಂ.ಟಿ. ವಾಸುದೇವನ್ ನಾಯರ್ ಅವರ ‘ಕಾಲಂ’.

ಪುಸ್ತಕ ಒಂದು, ಪರದೆ ಇನ್ನೊಂದು

ಎಂ.ಟಿ. ಕಾದಂಬರಿಕಾರರಷ್ಟೇ ಅಲ್ಲ, ಸಿನಿಮಾ ನಿರ್ದೇಶಕರೂ ಹೌದು. ತಮ್ಮದೇ ಕಥೆಯನ್ನಾಧರಿಸಿ ಅವರು ನಿರ್ದೇಶಿಸಿದ ‘ನಿರ್ಮಾಲ್ಯಂ’ (1973) ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡದಲ್ಲಂತೂ ಕಾದಂಬರಿಗೂ ಸಿನಿಮಾಕ್ಕೂ ಹಳೆಯ ನಂಟು. ತ್ರಿವೇಣಿ, ಎಂ.ಕೆ. ಇಂದಿರಾ, ತ.ರಾ.ಸು., ಅನಂತಮೂರ್ತಿ, ಭೈರಪ್ಪ ಎಲ್ಲರೂ ತೆರೆಯ ಮೇಲೆ ಬಂದಿದ್ದಾರೆ. ವರ್ಷದ ಪಣಕ್ಕೆ ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೆ?

ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದ್ದು 1975ರಲ್ಲಿ. ಚಿತ್ರಕ್ಕೆ ಸ್ವರ್ಣ ಕಮಲ, ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂದವು. ಸ್ವಂತಕ್ಕೆ ತುಂಡು ನೆಲ ಉಳಬೇಕೆಂಬ ಚೋಮನ ಆಸೆ ಎರಡರಲ್ಲೂ ಒಂದೇ. ಆದರೆ ಪುಸ್ತಕ ಓದುವಾಗ ದುಡಿಯ ಸದ್ದನ್ನು ಓದುಗನೇ ಮನಸ್ಸಿನಲ್ಲಿ ಬಾರಿಸಿಕೊಳ್ಳಬೇಕು. ಸಿನಿಮಾದಲ್ಲಿ ಅದು ಕಿವಿಗೇ ಬಡಿಯುತ್ತದೆ. ಯಾವುದು ಹೆಚ್ಚು ತಟ್ಟಿತು? ಈ ಪ್ರಶ್ನೆಗೆ ತರಗತಿಯ ನಲವತ್ತು ಮಕ್ಕಳಿಂದ ನಲವತ್ತು ಉತ್ತರ ಬಂದರೂ ಅವೆಲ್ಲ ಸರಿಯೇ.

1972ರ ‘ನಾಗರಹಾವು’ ಇನ್ನೂ ಸ್ವಾರಸ್ಯದ ಉದಾಹರಣೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಚಿತ್ರವಿದು. ಜನ ಮುಗಿಬಿದ್ದು ನೋಡಿದರು, ವಿಷ್ಣುವರ್ಧನ್ ನಾಯಕನಟರಾಗಿ ಬೆಳಗಿದರು. ಆದರೆ ಕಾದಂಬರಿಕಾರರಿಗೇ ಸಮಾಧಾನವಿರಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ಅವರು ಬೇಸರಪಟ್ಟ ಮಾತು ಇಂದಿಗೂ ಪ್ರಚಲಿತ. ಒಂದೇ ಕಥೆ, ಎರಡು ಪ್ರತಿಕ್ರಿಯೆ. ಯಾರ ಮಾತು ಒಪ್ಪಿಗೆ ಎಂಬುದನ್ನು ಓದಿ, ನೋಡಿ ತೀರ್ಮಾನಿಸಬೇಕೇ ಹೊರತು ಯಾರೋ ಹೇಳಿದರೆಂದಲ್ಲ.

‘ಟೈಮ್ ವೇಸ್ಟ್’ ಎನ್ನುವವರಿಗೆ

ಎಸ್ಸೆಸ್ಸೆಲ್ಸಿ, ಪಿಯುಸಿ ಎದುರಿಗಿರುವಾಗ ಕಾದಂಬರಿ, ಸಿನಿಮಾ ಎಂದು ಕೂತರೆ ಗತಿಯೇನು ಎಂಬುದು ತಂದೆತಾಯಿಗಳ ಚಿಂತೆ. ಮಗ ವಿಜ್ಞಾನ ಓದುತ್ತಿದ್ದರಂತೂ ಮುಗಿಯಿತು. ಇವರು ಚಾರ್ಲ್ಸ್ ಡಾರ್ವಿನ್ನನ ಮಾತು ಕೇಳಬೇಕು. ಓದಬೇಕಾದ, ಓದಿದ ಪುಸ್ತಕಗಳ ಪಟ್ಟಿಯನ್ನು ಆತ 1838ರಿಂದ ವರ್ಷಗಟ್ಟಲೆ ಬರೆದಿಟ್ಟಿದ್ದ. ಮುಪ್ಪಿನಲ್ಲೂ ಮನೆಯವರು ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಕಥೆ ಸುಖವಾಗಿ ಮುಗಿಯಬೇಕೆಂಬುದು ಅವನ ಆಸೆ. ಆದರೆ ಎಳೆಯ ವಯಸ್ಸಿನಲ್ಲಿ ಪ್ರೀತಿಸಿದ್ದ ಕಾವ್ಯ ಮಾತ್ರ ಆ ಹೊತ್ತಿಗೆ ರುಚಿಸದಾಗಿತ್ತು. ಇನ್ನೊಮ್ಮೆ ಬದುಕುವಂತಿದ್ದರೆ ವಾರಕ್ಕೊಮ್ಮೆಯಾದರೂ ಸ್ವಲ್ಪ ಕಾವ್ಯ ಓದುವ, ಸಂಗೀತ ಕೇಳುವ ನಿಯಮ ಮಾಡಿಕೊಳ್ಳುತ್ತಿದ್ದೆ ಎಂದು ಆತ ತನ್ನ ಆತ್ಮಕಥೆಯಲ್ಲಿ ಹಳಹಳಿಸಿದ್ದಾನೆ. ಈ ರುಚಿ ಹೋದರೆ ಸಂತೋಷವೇ ಹೋದಂತೆ ಎಂದವನು ಜೀವವಿಕಾಸದ ಸಿದ್ಧಾಂತ ಕೊಟ್ಟ ವಿಜ್ಞಾನಿ!

ತಿಂಗಳಿಗೊಂದು ಸಾಕು

ಶಾಲೆಯ ಮಕ್ಕಳು ದಿನಕ್ಕೊಂದು ಪುಸ್ತಕ ಓದಬೇಕಾಗಿಲ್ಲ. ದಿನಕ್ಕೆ ಹತ್ತು ಪುಟ ಓದಿದರೆ 300 ಪುಟದ ಕಾದಂಬರಿ ತಿಂಗಳಲ್ಲಿ ಮುಗಿಯುತ್ತದೆ. ತಿಂಗಳ ಕೊನೆಯ ಭಾನುವಾರ ಮನೆಮಂದಿಯೆಲ್ಲ ಕುಳಿತು ಒಂದು ಸಿನಿಮಾ. ವರ್ಷಕ್ಕೆ 12 ಕಾದಂಬರಿ, 12 ಸಿನಿಮಾ. ಪುಸ್ತಕ ಶಾಲೆಯ ಕಪಾಟಿನಲ್ಲೋ ಊರಿನ ಗ್ರಂಥಾಲಯದಲ್ಲೋ ಸಿಗುತ್ತದೆ. ಹಳೆಯ ಚಿತ್ರಗಳು ಹಲವು ಈಗ ಮೊಬೈಲಿನಲ್ಲೇ ದೊರೆಯುತ್ತವೆ.

ಬೇಕಾದದ್ದು ಇನ್ನೊಂದೇ, ಒಂದು ನೋಟ್ ಪುಸ್ತಕ. ಪ್ರಯೋಗಶಾಲೆಯ ರೆಕಾರ್ಡಿನಂತೆ ಇದರಲ್ಲೂ ಕಂಡದ್ದು ಬೇರೆ, ತೀರ್ಮಾನ ಬೇರೆ. ಎಡಗಡೆ ಓದಿದ ಅಥವಾ ನೋಡಿದ ತಾರೀಖು, ಹೆಸರು, ಎಲ್ಲಿ ನಗು ಬಂತು, ಎಲ್ಲಿ ಆಕಳಿಕೆ ಬಂತು, ಯಾವ ಪಾತ್ರದ ಮೇಲೆ ಸಿಟ್ಟು ಬಂತು. ಬಲಗಡೆ, ಏಕೆ? ಪುಸ್ತಕ ಓದಿದ ಕೂಡಲೇ ಒಂದು ಸಲ, ಸಿನಿಮಾ ನೋಡಿದ ಮೇಲೆ ಇನ್ನೊಂದು ಸಲ ಬರೆದರೆ ಅಭಿಪ್ರಾಯ ಎಲ್ಲಿ ಬದಲಾಯಿತೆಂಬುದು ತಾನಾಗಿ ಗೊತ್ತಾಗುತ್ತದೆ.

ಗೈಡಿನಿಂದ ನಕಲು ಮಾಡಿದ ಅಭಿಪ್ರಾಯ, ಪ್ರಯೋಗ ಮಾಡದೆ ಬರೆದ ರೀಡಿಂಗಿನ ಹಾಗೆ. ಅಂಕಿ ಸರಿಯಿರುತ್ತದೆ, ಹುಡುಗನಿಗೆ ಏನೂ ಗೊತ್ತಿರುವುದಿಲ್ಲ. ‘ನನಗೆ ಈ ಪುಸ್ತಕ ಇಷ್ಟವಾಗಲಿಲ್ಲ, ಏಕೆಂದರೆ...’ ಎಂದು ಎರಡು ಸಾಲು ಪ್ರಾಮಾಣಿಕವಾಗಿ ಬರೆದ ಮಗು ಅದಕ್ಕಿಂತ ಹೆಚ್ಚು ಕಲಿತಿದೆ. ಆ ಪುಸ್ತಕಕ್ಕೆ ಅಂಕ ಹಾಕಲು, ಕಾಗುಣಿತ ತಿದ್ದಲು ದೊಡ್ಡವರು ಹೋಗಬಾರದು. ತಾವೂ ಅದೇ ಕಾದಂಬರಿ ಓದಿ ಪಕ್ಕದಲ್ಲಿ ನಾಲ್ಕು ಸಾಲು ಬರೆದರೆ, ಊಟದ ಹೊತ್ತಿನಲ್ಲಿ ಅಂಕಗಳನ್ನು ಬಿಟ್ಟು ಬೇರೆ ಮಾತು ಹುಟ್ಟೀತು.

ನೀನಾ ಅವರ ವರ್ಷ 2009ರ ಅಕ್ಟೋಬರಿನಲ್ಲಿ ಮುಗಿಯಿತು. ಪುಸ್ತಕಗಳು ಅಕ್ಕನನ್ನು ವಾಪಸು ತರಲಿಲ್ಲ, ದುಃಖವನ್ನು ಅಳಿಸಲೂ ಇಲ್ಲ. ಅದರಿಂದ ಓಡಬೇಕಾಗಿಲ್ಲ, ಜೊತೆಗಿಟ್ಟುಕೊಂಡೇ ಬದುಕಬಹುದು ಎಂಬುದನ್ನು ಮಾತ್ರ ಕಲಿಸಿದವು. ಪ್ರತಿದಿನ ಕುಳಿತು ಓದಿ, ತನಗನಿಸಿದ್ದನ್ನು ತಾನೇ ಬರೆದದ್ದರಿಂದ ಅವರಿಗೆ ಅದು ತಿಳಿಯಿತು.

ನಿಮ್ಮ ಮನೆಯ ನೋಟ್ ಪುಸ್ತಕದ ಮೊದಲ ಪುಟ ಇನ್ನೂ ಖಾಲಿಯಿದೆ. ಇಂದಿನ ತಾರೀಖು ಹಾಕಿ ಶುರುಮಾಡಬಹುದಲ್ಲವೆ?